ನೂರಕ್ಕೆ 94 ಗೆಲುವು ಇದ್ದರೂ ಬೇಡ ಎಂದದ್ದು ಏಕೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಗಂಡ ಹೆಂಡತಿ ಸಲಹೆ ಕೇಳಲು ಒಟ್ಟಿಗೇ ನನ್ನ ಬಳಿ ಬಂದಿದ್ದರು. ತಾನೇ ಕರೆನ್ಸಿ ಟ್ರೇಡಿಂಗ್ ಮಾಡುವ ಒಂದು ಸಾಫ್ಟ್‌ವೇರ್ ಕೊಂಡು, ಉಳಿತಾಯದ ಅರ್ಧವನ್ನು ಅದಕ್ಕೆ ಹಾಕಬೇಕೆಂದು ಗಂಡನ ಆಸೆ. ಹೆಂಡತಿಗೆ ನಿದ್ದೆ ಇಲ್ಲ. "ಲೆಕ್ಕ ತೋರಿಸ್ತಾರೆ, ನಂಗೆ ಅರ್ಥ ಆಗಲ್ಲ. ಬೇಡ ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ವಾ ಅಂತಾರೆ" ಎಂದರು.

ಜಗಳ ನಂಬಿಕೆಯದು ಎಂದು ಇಬ್ಬರೂ ತಿಳಿದಿದ್ದರು. ನನಗೆ ಹಾಗನ್ನಿಸಲಿಲ್ಲ. ಆ ಲೆಕ್ಕವನ್ನು ಇಬ್ಬರಲ್ಲಿ ಯಾರೂ ಪೂರ್ತಿ ನೋಡಿರಲಿಲ್ಲ, ಅಷ್ಟೆ. ಅದನ್ನೇ ಮುಂದಿಟ್ಟುಕೊಂಡು ಕುಳಿತೆವು.

ಮಾರುವವರು ಕೊಟ್ಟ ಹಾಳೆಯಲ್ಲಿ 100 ಟ್ರೇಡ್‌ಗೆ 94 ಗೆಲುವು. ಗೆದ್ದಾಗ 5 ಪಿಪ್ ಲಾಭ, ಸೋತಾಗ 60 ಪಿಪ್ ನಷ್ಟ. ಪಿಪ್ ಅಂದರೆ ಕರೆನ್ಸಿ ದರದ ಏರಿಳಿತ ಅಳೆಯುವ ಒಂದು ಸಣ್ಣ ಅಳತೆ. ಬಂದದ್ದು 470, ಹೋದದ್ದು 360, ಉಳಿದದ್ದು 110. ಇದರಲ್ಲಿ ಸ್ಪ್ರೆಡ್, ಅಂದರೆ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರದ ಖರ್ಚು, ಕಳೆದಿರಲೇ ಇಲ್ಲ. ಟ್ರೇಡ್‌ಗೆ 1 ಪಿಪ್ ಎಂದರೂ 100 ಹೋಯಿತು, ಕೈಯಲ್ಲಿ 10. ಗೆಲುವು 94 ಇದ್ದದ್ದು 92ಕ್ಕೆ ಇಳಿದರೆ? ಸ್ಪ್ರೆಡ್ ಕಳೆಯುವ ಮೊದಲೇ 20 ಪಿಪ್ ನಷ್ಟ. ಈ ಲೆಕ್ಕವನ್ನು ಹೆಂಡತಿಯ ಕೈಯಲ್ಲೇ ಬರೆಸಿದೆ. ಕೂಡಿಸಿ ಕಳೆಯುವುದಷ್ಟೇ ಅಲ್ವಾ! ಗಂಡ ತುಂಬಾ ಹೊತ್ತು ಮಾತಾಡಲಿಲ್ಲ.

ನಾನು ಹೇಳಿದ್ದು ಇಷ್ಟು. ಎಷ್ಟು ಸಲ ಗೆಲ್ಲುತ್ತದೆ ಎಂದು ಕೇಳುವ ಮೊದಲು, ಸೋತಾಗ ಎಷ್ಟು ಹೋಗುತ್ತದೆ, ಸತತವಾಗಿ ಎಷ್ಟು ಸಲ ಸೋಲಬಹುದು ಎಂದು ಕೇಳಿ. ಸೋತಾಗಲೆಲ್ಲ ಮೊತ್ತ ಇಮ್ಮಡಿ ಮಾಡುವ ಸಿಸ್ಟಮ್ ಆದರೆ ಅಲ್ಲೇ ಬಿಟ್ಟುಬಿಡಿ. 1ರಿಂದ ಶುರು ಮಾಡಿ ಸತತ 10 ಸಲ ಸೋತರೆ ಒಟ್ಟು 1,023 ಹೋಗಿರುತ್ತದೆ.

ಹಳೇ ದರಗಳ ಮೇಲೆ ನಿಯಮವನ್ನು ಓಡಿಸಿ ನೋಡುವ ಬ್ಯಾಕ್‌ಟೆಸ್ಟನ್ನು ಸುಮ್ನೆ ಒಪ್ಪಬೇಡಿ. ಯಾವ ದರಗಳನ್ನು ನೋಡಿ ನಿಯಮ ತಿದ್ದಿದ್ದಾರೋ, ಅವೇ ದರಗಳ ಮೇಲೆ ಅದು ಗೆದ್ದೇ ಗೆಲ್ಲುತ್ತದೆ. ನಿಯಮ ಮಾಡುವಾಗ ಬಳಸದೇ ಇದ್ದ ಒಂದೆರಡು ವರ್ಷಗಳ ದರದ ಮೇಲೆ, ಸ್ಪ್ರೆಡ್, ಕಮಿಷನ್, ಟ್ರೇಡನ್ನು ರಾತ್ರಿ ಉಳಿಸಿಕೊಂಡರೆ ಬೀಳುವ ಸ್ವಾಪ್ ಎಂಬ ಖರ್ಚು ಎಲ್ಲ ಕಳೆದು ಓಡಿಸಿ. ಆಮೇಲೆ ಕೆಲವು ತಿಂಗಳು ನಿಜವಾದ ಹಣ ಹಾಕದ ಡೆಮೊ ಖಾತೆ. ಅದರ ನಂತರವೂ ಅತಿ ಸಣ್ಣ ಮೊತ್ತ. ಡೆಮೊದಲ್ಲಿ ಸಿಗುವ ದರ ನಿಜವಾದ ಖಾತೆಯಲ್ಲಿ ಯಾವಾಗಲೂ ಸಿಗುವುದಿಲ್ಲ.

"ಸ್ಟಾಪ್ ಲಾಸ್ ಇದೆಯಲ್ಲ" ಎಂದರು ಗಂಡ. ದರ ಇಂತಿಷ್ಟಕ್ಕೆ ಬಂದರೆ ಟ್ರೇಡ್ ತಾನೇ ಮುಗಿಯಲಿ ಎಂದು ಮೊದಲೇ ಕೊಟ್ಟಿಡುವ ಆದೇಶ ಅದು. 2015ರ ಜನವರಿ 15ರಂದು ಸ್ವಿಟ್ಜರ್ಲೆಂಡ್‌ನ ಕೇಂದ್ರ ಬ್ಯಾಂಕ್ ಯೂರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ದರವನ್ನು ಏಕಾಏಕಿ ಕೈಬಿಟ್ಟಿತು. ದರ ನಿಮಿಷಗಳಲ್ಲಿ ಕುಸಿಯಿತು. ಸ್ಟಾಪ್ ಹಾಕಿದ್ದ ಎಷ್ಟೋ ಜನರಿಗೆ ಆ ದರ ಸಿಗಲೇ ಇಲ್ಲ. ಕೆಲವರ ಖಾತೆ ಮೈನಸ್‌ಗೆ ಹೋಯಿತು. ಗಂಡ ಹೇಳುತ್ತಿದ್ದ 1:100 ಲೆವರೇಜ್, ಅಂದರೆ 1 ರೂಪಾಯಿ ಇಟ್ಟು 100 ರೂಪಾಯಿಯ ಟ್ರೇಡ್ ಮಾಡುವ ಅವಕಾಶ, ಪೂರ್ತಿ ಬಳಸಿದರೆ ದರ ಶೇ 1 ತಿರುಗಿದರೂ ಹಾಕಿದ ಹಣವೆಲ್ಲ ಹೋಗುತ್ತದೆ. ಯುರೋಪಿನ ನಿಯಂತ್ರಕರು 2018ರಲ್ಲಿ ಸಾಮಾನ್ಯ ಜನರಿಗೆ ಮುಖ್ಯ ಕರೆನ್ಸಿ ಜೋಡಿಗಳಲ್ಲೂ 30:1ಕ್ಕೆ ಮಿತಿ ಹಾಕಿದರು. ಇಂಥ ಖಾತೆಗಳಲ್ಲಿ ಶೇ 74ರಿಂದ 89 ನಷ್ಟದಲ್ಲಿವೆ ಎಂದೂ ಆಗ ಹೇಳಿದ್ದರು.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಆಫರ್ ಮುಗಿಯುತ್ತದೆ ಎಂಬ ಅವಸರ ಗಂಡನನ್ನು ಹಿಡಿದಿತ್ತು. ಇಂಥ ಅವಸರದಲ್ಲಿ ಮನೆಯವರ ಪ್ರಶ್ನೆಯೂ ಅವಮಾನದಂತೆ ಕೇಳಿಸುತ್ತದೆ. ಅದಕ್ಕೇ ನಿಲ್ಲಿಸುವ ಗೆರೆಯನ್ನು ಹಣ ಹಾಕುವ ಮೊದಲೇ ಇಬ್ಬರೂ ಕೂತು ಬರೆದಿಡಿ ಎಂದೆ. ಅರ್ಧ ಕಳೆದುಕೊಂಡ ಮೇಲೆ ಮೊದಲಿನ ಜಾಗಕ್ಕೆ ಬರಲು ಉಳಿದದ್ದು ಇಮ್ಮಡಿ ಆಗಬೇಕು. ಆ ಹೊತ್ತಿನಲ್ಲಿ ಯಾರ ತಲೆಯೂ ತಣ್ಣಗಿರುವುದಿಲ್ಲ. ಸಾಲದ ಹಣ, ಮಕ್ಕಳ ಓದಿನ ಹಣ ಈ ಲೆಕ್ಕಕ್ಕೆ ಬರಲೇಬಾರದು.

ಮಾರುವವರಿಂದ ನಿಜವಾದ ಖಾತೆಯ ಪೂರ್ತಿ ದಾಖಲೆ ಕೇಳಲು ಹೇಳಿದ್ದೆ. ಬಂದದ್ದು ಆಯ್ದ ಕೆಲವು ತಿಂಗಳದ್ದು ಮಾತ್ರ. ಆ ಸಿಸ್ಟಮ್ ಅವರು ಕೊಳ್ಳಲಿಲ್ಲ. ಈಗ ತಮ್ಮದೇ ಒಂದು ಸರಳ ನಿಯಮವನ್ನು ಡೆಮೊದಲ್ಲಿ ನೋಡುತ್ತಿದ್ದಾರೆ. ವಾರದ ಲೆಕ್ಕ ಬರೆಯುವುದು ಹೆಂಡತಿ.