ಮಾಂಟೆಸ್ಸರಿ ಬೋರ್ಡಿಗೆ ಮೂರು ಲಕ್ಷ ಕೊಡಬೇಕಾ?

ಪ್ರಶ್ನೆ: ಮೇಡಂ, ನಾವು ಪೊನ್ನಂಪೇಟೆ ಕಡೆಯವರು. 3 ಎಕರೆ ರೊಬಸ್ಟಾ ತೋಟ, ಅದರಲ್ಲೇ ಕರಿಮೆಣಸು. ನಮ್ಮ ಮನೆಯವರಿಗೆ ಸಣ್ಣದೊಂದು ಕೆಲಸವೂ ಇದೆ. ಮಗಳಿಗೆ ಏಪ್ರಿಲ್‌ನಲ್ಲಿ 3 ವರ್ಷ ತುಂಬಿತು. 22 ಕಿಲೋಮೀಟರ್ ದೂರದ ಪೇಟೆಯಲ್ಲಿ ಒಂದು ಖಾಸಗಿ ಮಾಂಟೆಸ್ಸರಿ ಶಾಲೆ ಇದೆ. ವರ್ಷಕ್ಕೆ 72,000 ಫೀಸು, ವ್ಯಾನಿಗೆ ತಿಂಗಳಿಗೆ 2,500. ಮನೆ ಹತ್ತಿರದ ಶಾಲೆಯಲ್ಲಿ ಎಲ್‌ಕೆಜಿಗೆ 26,000 ಅಷ್ಟೇ, ಆದರೆ ಅಲ್ಲಿ 4 ವರ್ಷ ಆಗದೆ ಸೇರಿಸಿಕೊಳ್ಳುವುದಿಲ್ಲ. 1ನೇ ತರಗತಿಗೆ ಹೇಗೂ ಆ ಶಾಲೆಗೇ ಹಾಕಬೇಕು ಎಂದುಕೊಂಡಿದ್ದೇವೆ. ಅತ್ತೆಗೆ ಇದೆಲ್ಲ ಇಷ್ಟವಿಲ್ಲ. ಶಾಲೆ ನೋಡಲು ಅವರೂ ಬಂದಿದ್ದರು, ಮಕ್ಕಳು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಕಾಳು ತುಂಬುತ್ತಾ ಕೂತಿದ್ದನ್ನು ನೋಡಿ, 'ಇದಕ್ಕೆ ಎಪ್ಪತ್ತು ಸಾವಿರವಾ? ನಮ್ಮ ಅಡುಗೆಮನೆಯಲ್ಲಿ ಪುಕ್ಕಟೆ ಮಾಡಿಸ್ತೀನಿ, ಅಂಗನವಾಡಿಗೆ ಕಳಿಸಿ' ಎನ್ನುತ್ತಾರೆ. ಮನೆಯಲ್ಲಿ ನಾವು ಕೊಡವ ತಕ್ಕ್ ಮಾತಾಡುವುದು. ಈಗಲೇ ಇಂಗ್ಲಿಷ್ ಬರದಿದ್ದರೆ ಮುಂದೆ ಕಷ್ಟವಾಗುತ್ತಾ ಎಂಬ ಭಯ ನನಗೆ. ಅಷ್ಟು ಖರ್ಚು ಮಾಡುವುದು ಸರಿಯಾ?
— ಹೆಸರು ಬೇಡ, ದಕ್ಷಿಣ ಕೊಡಗು

ಉತ್ತರ: ನಿಮ್ಮ ಅತ್ತೆಯ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ. ಫೀಸು ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರುತ್ತದೆ ಎಂದುಕೊಳ್ಳಿ. 72,000, ಆಮೇಲೆ 79,200, ಆಮೇಲೆ 87,120. ವ್ಯಾನು 10 ತಿಂಗಳಿಗೆ 25,000, ಮೂರು ವರ್ಷಕ್ಕೆ 75,000. ಎಲ್ಲ ಸೇರಿ 3,13,320 ರೂಪಾಯಿ. ಯೂನಿಫಾರ್ಮು, ಬರ್ತ್‌ಡೇ, ಆ್ಯನ್ಯುವಲ್ ಡೇ ಡ್ರೆಸ್ಸು ನಾನು ಸೇರಿಸಿಲ್ಲ. ಇನ್ನೊಂದು ಕಡೆ, ಒಂದು ವರ್ಷ ಅಂಗನವಾಡಿ, ಆಮೇಲೆ ಹತ್ತಿರದ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಅಂದರೆ ಸುಮಾರು 55,000. ವ್ಯತ್ಯಾಸ ಎರಡೂವರೆ ಲಕ್ಷಕ್ಕೂ ಜಾಸ್ತಿ. ಕಾಫಿಗೆ ಒಳ್ಳೆ ರೇಟು ಇರುವಾಗ ಇದು ದೊಡ್ಡದಾಗಿ ಕಾಣಿಸುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕಾಣಿಸುತ್ತದೆ. ಅದೂ ಅಲ್ಲದೆ ನಿಮಗೆ ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ, ಶಾಲೆಯವರು ಕೇಳುವುದು ಮೇ-ಜೂನ್‌ನಲ್ಲಿ, ಅಂದರೆ ಗೊಬ್ಬರಕ್ಕೂ ಕಪಾತಿನ ಆಳುಗಳಿಗೂ ಕೈಯಿಂದ ಹೋಗುತ್ತಿರುವ ಹೊತ್ತಿಗೆ. ಸೇರಿಸುವುದೇ ಆದರೆ ದೊಡ್ಡ ಕಂತನ್ನು ಮಾರ್ಚ್‌ಗೆ ಹಾಕಿಕೊಡಿ ಎಂದು ಬಾಯಿಬಿಟ್ಟು ಕೇಳಿ. ತೋಟದವರ ಊರಿನಲ್ಲಿ ಶಾಲೆ ನಡೆಸುವವರಿಗೆ ಇದು ಹೊಸ ಮಾತೇನಲ್ಲ.

ಈಗ ಆ ಶಾಲೆಯಲ್ಲಿ ನೀವು ದುಡ್ಡು ಕೊಡುವುದು ಯಾವುದಕ್ಕೆ ಅನ್ನುವುದು. ಮಾಂಟೆಸ್ಸರಿ ಎಂಬ ಹೆಸರಿನ ಮೇಲೆ ಯಾರಿಗೂ ಹಕ್ಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು, ಹಾಕುತ್ತಲೂ ಇದ್ದಾರೆ. 2024ರಲ್ಲಿ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ ಸರ್ಕಾರವೇ 'ಸರ್ಕಾರಿ ಮಾಂಟೆಸ್ಸರಿ' ಎಂದು ಎಲ್‌ಕೆಜಿ, ಯುಕೆಜಿ ಶುರು ಮಾಡಿತು. ಹಾಗಾಗಿ ಬೋರ್ಡು ನೋಡಿ ಏನೂ ತಿಳಿಯುವುದಿಲ್ಲ, ಕೋಣೆಯೊಳಗೆ ಕೂತು ನೋಡಬೇಕು. ಅರ್ಧ ಗಂಟೆ ಸಾಲದು. ಒಂದು ಬೆಳಗ್ಗೆ ಪೂರ್ತಿ ಮೂಲೆಯಲ್ಲಿ ಸುಮ್ನೆ ಕೂರುತ್ತೇನೆ ಎಂದು ಕೇಳಿ. ಬೇಡ ಎಂದರೆ ನಿಮ್ಮ ಮೂರು ಲಕ್ಷ ಅಲ್ಲೇ ಉಳಿಯಿತು.

ನೋಡಬೇಕಾದ್ದು ಮುಖ್ಯವಾಗಿ ಮಕ್ಕಳ ವಯಸ್ಸು. 3ರಿಂದ 6ರ ಮಕ್ಕಳು ಒಂದೇ ಕೋಣೆಯಲ್ಲಿ ಇರಬೇಕು. ನಮ್ಮಲ್ಲಿ ಬಹಳ ಕಡೆ ಮಾಂಟ್ 1, ಮಾಂಟ್ 2, ಮಾಂಟ್ 3 ಎಂದು ಬೇರೆ ಬೇರೆ ಕೂರಿಸುತ್ತಾರೆ. ಹಾಗೆ ಮಾಡಿದರೆ ಅದು ಮರದ ಸಾಮಾನು ಇಟ್ಟುಕೊಂಡ ಎಲ್‌ಕೆಜಿ ಅಷ್ಟೇ. 5 ವರ್ಷದವಳು ಶೂ ಲೇಸು ಕಟ್ಟುವುದನ್ನು 3 ವರ್ಷದವನು ಪಕ್ಕದಲ್ಲಿ ನಿಂತು ನೋಡುತ್ತಾನಲ್ಲ, ಕಲಿಕೆಯ ದೊಡ್ಡ ಪಾಲು ಅಲ್ಲೇ ಆಗುವುದು. ದೊಡ್ಡವಳಿಗೂ ಅಷ್ಟೇ, ಹೇಳಿಕೊಡುತ್ತಾ ಅವಳದೂ ಗಟ್ಟಿಯಾಗುತ್ತದೆ. ಈ ಕಾರಣಕ್ಕೇ ಮೂರನೇ ವರ್ಷ ಎಲ್ಲಕ್ಕಿಂತ ಬೆಲೆಬಾಳುವುದು. ದುಡ್ಡು ಸಾಲದೆ ಎರಡನೇ ವರ್ಷಕ್ಕೆ ಬಿಡಿಸುವ ಸಂದರ್ಭ ಬರಬಹುದು ಅನ್ನಿಸಿದರೆ ಮೊದಲೇ ಬೇಡ. ನಿಮ್ಮ ಮಗಳ ವಯಸ್ಸು ಮಾತ್ರ ಸರಿಯಾಗಿ ಕೂಡಿಬರುತ್ತದೆ: 1ನೇ ತರಗತಿಗೆ 6 ತುಂಬಿರಬೇಕು ಎಂಬ ನಿಯಮ ಇಟ್ಟುಕೊಂಡರೆ ಅವಳಿಗೆ ಪೂರ್ತಿ ಮೂರು ವರ್ಷ ಸಿಗುತ್ತದೆ.

ಆಮೇಲೆ ಬೆಳಗಿನ ಹೊತ್ತು. ಸುಮಾರು ಮೂರು ಗಂಟೆ ಯಾರೂ ಗಂಟೆ ಬಾರಿಸಬಾರದು, 'ಈಗ ರೈಮ್ಸ್, ಈಗ ಡ್ರಾಯಿಂಗ್' ಎಂದು ಎಬ್ಬಿಸಬಾರದು. ಮಗು ತಾನೇ ಸಾಮಾನು ಆರಿಸಿ, ಚಾಪೆ ಹಾಸಿ, ಬೇಕಾದಷ್ಟು ಸಲ ಮಾಡಿ, ವಾಪಸ್ ಜಾಗದಲ್ಲಿ ಇಡಬೇಕು. ಪಿಂಕ್ ಟವರ್, ಅಂದರೆ ಒಂದರ ಮೇಲೊಂದು ಪೇರಿಸುವ ಗುಲಾಬಿ ಬಣ್ಣದ ಮರದ ಘನಗಳು, ಕೋಣೆಗೆ ಒಂದೇ ಸೆಟ್ ಇರುತ್ತದೆ, ಇನ್ನೊಬ್ಬರಿಗೆ ಬೇಕಿದ್ದರೆ ಕಾಯಬೇಕು. ಅದು ಬಡತನ ಅಲ್ಲ, ಬೇಕಂತಲೇ ಹಾಗಿಡುವುದು. ಕಪಾಟಿನ ಸಾಮಾನು ಹೊಚ್ಚಹೊಸದಾಗಿ ಹೊಳೆಯುತ್ತಿದ್ದು ಮಕ್ಕಳ ಕೈಯಲ್ಲಿ ಮಾತ್ರ ವರ್ಕ್‌ಶೀಟು ಇದ್ದರೆ ಅದನ್ನು ನಿಮ್ಮಂಥವರಿಗೆ ತೋರಿಸಲು ಇಟ್ಟಿದ್ದಾರೆ ಎಂದು ತಿಳಿಯಿರಿ.

ಟೀಚರ್ ಎಲ್ಲಿ ತರಬೇತಿ ಪಡೆದರು, ಎಷ್ಟು ಕಾಲ ಎಂದೂ ಕೇಳಿ. ಸಂಕೋಚ ಬೇಡ. ಎಎಂಐ ಅಂದರೆ ಈ ಪದ್ಧತಿ ಶುರು ಮಾಡಿದ ಇಟಲಿಯ ಮಾರಿಯಾ ಮಾಂಟೆಸ್ಸರಿಯವರೇ 1929ರಲ್ಲಿ ಕಟ್ಟಿದ ಸಂಸ್ಥೆ, ಅದರ ಡಿಪ್ಲೊಮಾಕ್ಕೆ ತಿಂಗಳುಗಟ್ಟಲೆ ಕೂತು ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿದು ಅಭ್ಯಾಸ ಮಾಡಬೇಕು. ಬೆಂಗಳೂರಿನಲ್ಲಿ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಕೂಡ ತರಬೇತಿ ಕೊಡುತ್ತದೆ. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟು ಗೋಡೆಗೆ ತೂಗುಹಾಕಿದ್ದರೆ ಅದಕ್ಕೆ 72,000 ಕೊಡಬೇಡಿ. ಟೀಚರ್‌ಗಳು ಎಷ್ಟು ವರ್ಷದಿಂದ ಇದ್ದಾರೆ ಎಂದು ಹೊರಗೆ ವ್ಯಾನ್ ಡ್ರೈವರ್ ಹತ್ತಿರ ಕೇಳಿ, ಅವರಿಗೆ ಎಲ್ಲ ಗೊತ್ತಿರುತ್ತದೆ.

ಇದೆಲ್ಲ ಸರಿಯಿದ್ದರೆ ಮಗುವಿಗೆ ನಿಜವಾಗಿ ಲಾಭವಿದೆಯಾ? ಇದೆ, ಹೇಳಲು ಆಧಾರವೂ ಇದೆ. ಅಮೆರಿಕದ ಮಿಲ್ವಾಕಿ ಎಂಬ ಊರಿನಲ್ಲಿ ಮಾಂಟೆಸ್ಸರಿ ಸೀಟಿಗೆ ಚೀಟಿ ಎತ್ತುತ್ತಿದ್ದರು. ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 5 ವರ್ಷದ ಮಕ್ಕಳು ಓದು, ಲೆಕ್ಕ, ಬೇರೆಯವರ ಜೊತೆ ಹೊಂದಿಕೊಳ್ಳುವುದು ಇದರಲ್ಲೆಲ್ಲ ಮುಂದಿದ್ದರು. 2012ರಲ್ಲಿ ಅದೇ ತಂಡದ ಸಂಶೋಧಕಿ ಇನ್ನೊಂದು ವಿಷಯ ತೋರಿಸಿದರು: ಮಾಂಟೆಸ್ಸರಿ ಸಾಮಾನಿನ ಜೊತೆ ವರ್ಕ್‌ಶೀಟು, ಬೇರೆ ಆಟಿಕೆ ಎಲ್ಲ ಬೆರೆಸಿದ ಕ್ಲಾಸುಗಳಿಗಿಂತ, ಬೆರೆಸದೆ ನಡೆಸಿದ ಕ್ಲಾಸುಗಳ ಮಕ್ಕಳು ವರ್ಷದಲ್ಲಿ ಹೆಚ್ಚು ಮುಂದೆ ಹೋಗಿದ್ದರು. ಅಂದಹಾಗೆ ಆ ಮಿಲ್ವಾಕಿ ಶಾಲೆ ಸರ್ಕಾರಿ ಶಾಲೆ, ಅಪ್ಪ ಅಮ್ಮ ಫೀಸು ಕಟ್ಟಿರಲಿಲ್ಲ. 1907ರಲ್ಲಿ ರೋಮ್‌ನ ಸಾನ್ ಲೊರೆಂಜೊದಲ್ಲಿ ಶುರುವಾದ ಮೊದಲ ಮಾಂಟೆಸ್ಸರಿ ಶಾಲೆಯೂ ಕೂಲಿ ಮಾಡುವವರ ಮಕ್ಕಳಿಗಾಗಿಯೇ ಇದ್ದದ್ದು. ಅದು ನಮ್ಮಲ್ಲಿ ದುಡ್ಡಿದ್ದವರ ಶಾಲೆ ಆದದ್ದು ಹೇಗೋ! ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೆ ಬಂದು, ಯುದ್ಧದಿಂದಾಗಿ ವಾಪಸ್ ಹೋಗಲಾಗದೆ, ಕೊಡೈಕೆನಾಲಿನಲ್ಲೂ ಕೆಲವು ಕಾಲ ಇದ್ದು ನಮ್ಮ ಮಕ್ಕಳ ಜೊತೆಗೇ ಕೆಲಸ ಮಾಡಿದವರು.

ಈಗ ಅತ್ತೆಯ ಮಾತು. ಕಾಳು ತುಂಬುವುದು, ನೀರು ಸುರಿಯುವುದು, ಗುಂಡಿ ಹಾಕುವುದು ಇವೆಲ್ಲ ಮನೆಯಲ್ಲೂ ಆಗುತ್ತವೆ. ಕಡಂಬುಟ್ಟಿನ (ಅಕ್ಕಿತರಿಯ ಕಡುಬಿನ) ಉಂಡೆ ಕಟ್ಟಲು ಕೂರಿಸಿದರೆ ಬೆರಳುಗಳಿಗೆ ಅದಕ್ಕಿಂತ ಒಳ್ಳೆ ಕೆಲಸ ಇಲ್ಲ. ಆದರೆ ಷರತ್ತು ಒಂದಿದೆ. ಮಗು ನೆಲದ ಮೇಲೆಲ್ಲ ಹಿಟ್ಟು ಚೆಲ್ಲಿದಾಗ 'ಬಿಡು ಬಿಡು, ನಾನೇ ಮಾಡ್ತೀನಿ' ಎನ್ನಬಾರದು. ಒರೆಸುವ ಬಟ್ಟೆ ಅವಳ ಕೈಗೇ ಕೊಡಬೇಕು. ಅತ್ತೆ ಇದಕ್ಕೆ ಒಪ್ಪಿದರೆ ಅರ್ಧ ಮಾಂಟೆಸ್ಸರಿ ನಿಮ್ಮ ಅಡುಗೆಮನೆಯಲ್ಲೇ ನಡೆಯುತ್ತದೆ. ಮನೆಯಲ್ಲಿ ಸಿಗದ್ದು ಅಂದರೆ 20-25 ಮಕ್ಕಳ ನಡುವೆ ಸರದಿ ಕಾಯುವುದು, ಮತ್ತೆ ಅಕ್ಷರ-ಲೆಕ್ಕಗಳನ್ನು ಕ್ರಮವಾಗಿ ಕೈಗೆ ಕೊಡುವ ಒಬ್ಬ ತಿಳಿದ ಮನುಷ್ಯೆ.

ಇಂಗ್ಲಿಷಿನ ಭಯ ಬಿಡಿ. 3 ವರ್ಷದ ಮಗುವಿಗೆ ಮೊದಲು ಬೇಕಾದದ್ದು ಗೊತ್ತಿರುವ ಭಾಷೆಯಲ್ಲಿ ತುಂಬಾ ಮಾತು. ಮನೆಯಲ್ಲಿ ಕೊಡವ ತಕ್ಕ್, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದವರೇ ಅಲ್ವಾ ನಿಮ್ಮ ಜಿಲ್ಲೆಯ ಎಷ್ಟೋ ಜನ? ಶಾಲೆಯಲ್ಲಿ ಕೇಳಬೇಕಾದದ್ದು ಬೇರೆ: ಮಗು ಅಳುವಾಗ, ಹೊಟ್ಟೆನೋವು ಎಂದು ಹೇಳುವಾಗ ಅವಳ ಭಾಷೆ ತಿಳಿಯುವ ಒಬ್ಬರಾದರೂ ಇದ್ದಾರಾ? 1ನೇ ತರಗತಿಗೆ ಇಂಟರ್‌ವ್ಯೂ ಇದೆ, ಅದಕ್ಕೆ ಇಂಗ್ಲಿಷ್ ಬೇಕು ಎಂದು ಯಾರಾದರೂ ಹೆದರಿಸಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸೇರಿಸಿಕೊಳ್ಳುವಾಗ ಮಗುವಿಗಾಗಲಿ ಅಪ್ಪ ಅಮ್ಮನಿಗಾಗಲಿ ಪರೀಕ್ಷೆ ಮಾಡುವಂತಿಲ್ಲ, ಡೊನೇಷನ್ ಕೇಳುವಂತಿಲ್ಲ ಎಂದು ನೆನಪಿಸಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬೇಡ. ಫೀಸಿಗಾಗಿ ಅಲ್ಲ, ಆ 22 ಕಿಲೋಮೀಟರಿಗಾಗಿ. ನಮ್ಮ ತಿರುವಿನ ರಸ್ತೆಯಲ್ಲಿ, ಅಲ್ಲಲ್ಲಿ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಹೋದರೆ ಒಂದು ಗಂಟೆ. ದಿನಕ್ಕೆ ಎರಡು ಗಂಟೆ 3 ವರ್ಷದ ಮಗು ವ್ಯಾನಿನಲ್ಲಿ. ಬೆಳಗಿನ ಆ ಮೂರು ಗಂಟೆಗೆ ತಾನೇ ನೀವು ದುಡ್ಡು ಕೊಡುವುದು, ಆ ಹೊತ್ತಿಗೆ ಅವಳು ವಾಂತಿ ಮಾಡಿಕೊಂಡು ಅಥವಾ ತೂಕಡಿಸುತ್ತಾ ಬಂದು ಇಳಿದರೆ ಏನು ಬಂತು? ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಬಿದ್ದ ಮರ, ಜಿಲ್ಲಾಧಿಕಾರಿಗಳ ರಜೆ, ಆನೆ ರಸ್ತೆಗೆ ಬಂತು ಎಂಬ ಫೋನು, ಇದೆಲ್ಲ ನಿಮಗೆ ನಾನು ಹೇಳಬೇಕಿಲ್ಲ. ಅದೇ ಶಾಲೆ 6-7 ಕಿಲೋಮೀಟರಿನಲ್ಲಿದ್ದು, ನೋಡಿ ಬಂದ ಮೇಲೆ ಮನಸ್ಸಿಗೆ ಹಿಡಿಸಿದ್ದರೆ, ಸಾಲ ಮಾಡದೆ ಕಟ್ಟಬಹುದಾದರೆ ಸೇರಿಸಿ ಎನ್ನುತ್ತಿದ್ದೆ.

ಈ ವರ್ಷ ಅಂಗನವಾಡಿ ನೋಡಿ. ಅಲ್ಲೂ ಕಣ್ಣುಮುಚ್ಚಿ ಸೇರಿಸಬೇಡಿ. ಸೂರು ಸೋರುತ್ತಾ, ಶೌಚಾಲಯಕ್ಕೆ ನೀರಿದೆಯಾ, ಕಾರ್ಯಕರ್ತೆ ಮಕ್ಕಳ ಜೊತೆ ಕೂರುತ್ತಾರಾ ಇಲ್ಲ ರಿಜಿಸ್ಟರ್ ತುಂಬುವುದರಲ್ಲೇ ಮುಳುಗಿರುತ್ತಾರಾ? ಆ ಕೊನೆಯದು ಅವರ ತಪ್ಪಲ್ಲ ಬಿಡಿ, ಅವರ ಮೇಲೆ ಅಷ್ಟು ಕೆಲಸ ಹೇರಿದ್ದಾರೆ. ಚೆನ್ನಾಗಿದ್ದರೆ ಬಿಸಿಯೂಟ, ಮೊಟ್ಟೆ, ಊರಿನ ಮಕ್ಕಳ ಸಹವಾಸ ಎಲ್ಲ ನಡೆದುಹೋಗುವಷ್ಟು ದೂರದಲ್ಲೇ ಸಿಗುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ 15,000ಕ್ಕೆ ಮಾಂಟೆಸ್ಸರಿ ಕಿಟ್ ಸಿಗುತ್ತಿದೆ. ಶಾಲೆ ಬದಲು ಅದನ್ನೇ ತರಿಸಿದರೆ ಹೇಗೆ?
— ಒಬ್ಬ ತಂದೆ, ಕುಶಾಲನಗರ

ಉತ್ತರ: ಬೇಡ ಸರ್. ತೋರಿಸಿಕೊಡುವವರು ಇಲ್ಲದಿದ್ದರೆ ಪಿಂಕ್ ಟವರ್ ಎರಡು ವಾರಕ್ಕೆ ಮಂಚದ ಕೆಳಗೆ ಹೋಗುತ್ತದೆ. ಒಂದು ಸಣ್ಣ ಜಗ್ಗು, ಮಗುವಿನ ಕೈಗೆ ಸರಿಹೊಂದುವ ಪೊರಕೆ, ಅವನ ಎತ್ತರಕ್ಕೆ ಒಂದು ಶೆಲ್ಫು, ಇಷ್ಟಕ್ಕೆ ಅಷ್ಟೆಲ್ಲ ದುಡ್ಡು ಬೇಕಾಗುವುದಿಲ್ಲ.

ಪ್ರಶ್ನೆ: ಮೊಮ್ಮಗ ಮಾಂಟೆಸ್ಸರಿಗೆ ಹೋಗಿ ಒಂದು ವರ್ಷ ಆಯಿತು. 4 ವರ್ಷ. ಪಕ್ಕದ ಮನೆಯವನು ಎ ಬಿ ಸಿ ಡಿ ಪೂರ್ತಿ ಬರೆಯುತ್ತಾನೆ, ಇವನು ಪೆನ್ಸಿಲ್ಲೇ ಹಿಡಿಯುವುದಿಲ್ಲ. ಮೋಸ ಹೋದೆವಾ?
— ಅಜ್ಜಿ, ಸೋಮವಾರಪೇಟೆ

ಉತ್ತರ: ಅಜ್ಜೀ, ಪೆನ್ಸಿಲ್ ನೋಡಬೇಡಿ. ಅವನು ಮರಳು ಕಾಗದದ ಅಕ್ಷರದ ಮೇಲೆ ಬೆರಳಾಡಿಸುತ್ತಾನಾ, 'ಮ' ಎಂದರೆ ಮನೆ, ಮರ, ಮಳೆ ಎಂದು ಹೇಳುತ್ತಾನಾ ಎಂದು ಟೀಚರ್ ಹತ್ತಿರ ಕೇಳಿ. ಅಲ್ಲಿ ಕೈ ಮೊದಲು ಅಕ್ಷರದ ದಾರಿ ಕಲಿಯುತ್ತದೆ, ಬರೆಯುವುದು ಆಮೇಲೆ, ಕೆಲವು ಮಕ್ಕಳಿಗೆ ನಾಲ್ಕೂವರೆ ದಾಟಿದ ಮೇಲೆ. ಟೀಚರ್ ಒಂದು ಪುಸ್ತಕದಲ್ಲಿ ಯಾವ ಮಗುವಿಗೆ ಯಾವ ದಿನ ಏನು ತೋರಿಸಿದೆ ಎಂದು ಬರೆದಿಟ್ಟಿರಬೇಕು, ಅದನ್ನು ತೋರಿಸಿ ಎನ್ನಿ. ಪುಸ್ತಕವೇ ಇಲ್ಲ, 'ಮಕ್ಕಳು ತಾವೇ ಕಲೀತಾರೆ ಬಿಡಿ' ಎಂದರೆ ಮಾತ್ರ ಜೂನ್‌ಗೆ ಬೇರೆ ಶಾಲೆ ಹುಡುಕಿ.