ಹಲ್ಲು ಕಿತ್ತ ದಿನವೇ ಸೆಟ್ ಹಾಕಿಸಿಕೊಂಡರೆ ಮೊದಲ ರಾತ್ರಿ ಅದನ್ನು ತೆಗೆಯಬೇಡಿ

ಮಗಳ ಮದುವೆಗೆ ಮೂರು ವಾರವಿದೆ, ಅಲುಗಾಡುತ್ತಿರುವ ಮೇಲಿನ ಹಲ್ಲುಗಳನ್ನೆಲ್ಲ ಕೀಳಿಸಿ ಅದೇ ದಿನ ಕೃತಕ ಹಲ್ಲಿನ ಸೆಟ್ ಹಾಕಿಸಿಕೊಂಡರೆ ಮದುವೆಯ ಹೊತ್ತಿಗೆ ಸರಿಹೋದೀತೇ ಎಂದು ನೀವು ಸಾಗರದಿಂದ ಕೇಳಿದ್ದೀರಿ. ಈ ಅವಸರವನ್ನು ನಾನು ಪಟ್ಟವನು. ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದ ನನಗೆ, ಬೊಚ್ಚುಬಾಯಿಯಲ್ಲಿ ಮಕ್ಕಳ ಮುಂದೆ ನಿಲ್ಲಬೇಕಾದೀತು ಎಂಬ ಭಯದ ಮುಂದೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ವರ್ಷಗಟ್ಟಲೆ ಎಲೆಯಡಿಕೆಯ ಕವಳ ಹಾಕಿದ್ದು ಒಂದು ಕಡೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇನ್ನೊಂದು ಕಡೆ. ವಸಡು ಕುಸಿದು ಹಲ್ಲಿನ ಬೇರುಗಳು ಕಾಣುತ್ತಿದ್ದವು.

ಶಿವಮೊಗ್ಗದ ವೈದ್ಯರು ಮೊದಲು ದವಡೆ ಹಲ್ಲುಗಳನ್ನು ಕಿತ್ತು, ಆ ಜಾಗ ಮಾಯುವವರೆಗೆ ಕಾಯಿಸಿದರು. ಆಮೇಲೆ ಮುಂದಿನ ಹಲ್ಲುಗಳು ಇರುವಾಗಲೇ ಅಚ್ಚು ತೆಗೆದರು. ಆ ಅಚ್ಚಿನಿಂದ ಎರೆದ ಗಚ್ಚಿನ ಮಾದರಿಯಲ್ಲಿ ಹಲ್ಲುಗಳನ್ನು ಕೆರೆದು ತೆಗೆದು, ಕಿತ್ತ ಮೇಲೆ ವಸಡು ಹೀಗಿರಬಹುದು ಎಂಬ ಅಂದಾಜಿನ ಮೇಲೆ ಸೆಟ್ ಕಟ್ಟುತ್ತಾರೆ. ಸಾಮಾನ್ಯ ಸೆಟ್ಟಾದರೆ ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿಟ್ಟು ತೋರಿಸುತ್ತಾರೆ, ಬೇಡವೆನಿಸಿದ್ದನ್ನು ಬದಲಿಸಬಹುದು. ಅದೇ ದಿನದ ಸೆಟ್ಟಿನಲ್ಲಿ ಮುಂದಿನ ಹಲ್ಲುಗಳಿಗೆ ಈ ಅವಕಾಶವಿಲ್ಲ. ಕಿತ್ತ ಮೇಲೆಯೇ ಮೊದಲ ಸಲ ನಿಮ್ಮ ಮುಖವನ್ನು ಕನ್ನಡಿಯಲ್ಲಿ ನೋಡುತ್ತೀರಿ. ಮದುವೆಯ ಫೋಟೋಗಳನ್ನು ನೆನೆದು ಅವಸರಪಡುತ್ತಿರುವ ನೀವು ಇದನ್ನು ಮೊದಲೇ ತಿಳಿದಿರಬೇಕು.

ಇನ್ನು ನನಗೆ ದುಬಾರಿಯಾದ ತಪ್ಪಿನ ವಿಷಯ. ಮುಂದಿನ ಹಲ್ಲು ಕಿತ್ತು ಸೆಟ್ ಕೂರಿಸಿದ ವೈದ್ಯರು, ನಾಳೆ ಬೆಳಿಗ್ಗೆ ತಾವೇ ತೆಗೆಯುವವರೆಗೆ ಅದನ್ನು ಮುಟ್ಟಬಾರದು, ಬಾಯಿ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು ಎಂದು ಸ್ಪಷ್ಟವಾಗಿ ಹೇಳಿದ್ದರು. ನಾನು ಅದೇ ಸಂಜೆ ಅರವತ್ತು ಕಿಲೋಮೀಟರ್ ದೂರದ ಊರಿಗೆ ಬಸ್ಸು ಹತ್ತಿದೆ. ಮರಗಟ್ಟಿದ್ದು ಇಳಿದ ಮೇಲೆ ನೋವು ಏರಿತು, ಬಾಯಿತುಂಬ ರಕ್ತ ಬೆರೆತ ಜೊಲ್ಲು. ಉಪ್ಪುನೀರಿನಲ್ಲಿ ಮುಕ್ಕಳಿಸಿದರೆ ಹಾಯೆನಿಸುತ್ತದೆ ಎಂದು ಮನೆಯವರೆಂದರು, ನನಗೂ ಹಾಗೆಯೇ ಅನಿಸಿತು. ಬಚ್ಚಲುಮನೆಯಲ್ಲಿ ಹಂಡೆಯ ಬಿಸಿನೀರಿಗೆ ಉಪ್ಪು ಬೆರೆಸಿಕೊಂಡು ಸೆಟ್ಟನ್ನು ಕಿತ್ತು ತೆಗೆದೆ. ಅದರ ಒಳಮೈಗೆ ಕಡುಗೆಂಪು ಗರಣೆಗಳು ಅಂಟಿಕೊಂಡು ಬಂದವು. ಗಾಯ ಮುಚ್ಚಲೆಂದು ಹಲ್ಲಿನ ಕುಳಿಗಳಲ್ಲಿ ಹೆಪ್ಪುಗಟ್ಟಿದ್ದ ರಕ್ತವೇ ಅದು ಎಂಬುದು ನನಗೆ ಆಗ ತಿಳಿದಿರಲಿಲ್ಲ. ಮತ್ತೆ ರಕ್ತ ಸುರಿಯತೊಡಗಿತು. ಹತ್ತಿಬಟ್ಟೆ ಕಚ್ಚಿಕೊಂಡು ಕುಳಿತೆ. ಸೆಟ್ಟು ಬಟ್ಟಲಿನಲ್ಲಿಯೇ ಉಳಿಯಿತು. ಬೆಳಗಾಗುವಷ್ಟರಲ್ಲಿ ವಸಡು ಎಷ್ಟು ಊದಿತ್ತೆಂದರೆ, ಸೆಟ್ಟನ್ನು ಎಷ್ಟು ಒತ್ತಿದರೂ ಅದು ಮುಂಭಾಗದಲ್ಲಿ ಮೇಲೇರಲೇ ಇಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅದೇ ದಿನದ ಸೆಟ್ಟು ಮೊದಲ 24 ಗಂಟೆ ಹಲ್ಲಿನ ಕೆಲಸ ಮಾಡುವುದೇ ಇಲ್ಲ. ಅದು ಗಾಯದ ಮೇಲಿನ ಪಟ್ಟಿ. ಹೆಪ್ಪುಗಟ್ಟಿದ ರಕ್ತವನ್ನು ಕಾಯುವುದು, ಊತ ಹರಡದಂತೆ ಒತ್ತಿ ಹಿಡಿಯುವುದು, ಇವೇ ಅದರ ಕೆಲಸ. ಊತ ಎರಡು-ಮೂರನೆಯ ದಿನದವರೆಗೂ ಏರುತ್ತದೆ. ಅಕ್ರಿಲಿಕ್ಕಿನ ಸೆಟ್ಟು ಗಡುಸಾದುದು, ಊದಿದ ವಸಡಿಗೆ ತಕ್ಕಂತೆ ಅದು ಹಿಗ್ಗುವುದಿಲ್ಲ. ಒಮ್ಮೆ ಹೊರಗೆ ಬಂದರೆ ಊತ ಇಳಿಯುವವರೆಗೆ ಮತ್ತೆ ಕೂರುವುದು ಕಷ್ಟ. ನನ್ನ ವಿಷಯದಲ್ಲಿ ಊತ ಇಳಿದ ಮೇಲೆ ಅಲ್ಲಲ್ಲಿ ಕೆರೆದು ಹೇಗೋ ಕೂರಿಸಿದರು, ಆದರೆ ಹಿಡಿತ ಬರಲಿಲ್ಲ. ಯಾವ ಅವಮಾನವನ್ನು ತಪ್ಪಿಸಿಕೊಳ್ಳಲು ಹಣ ಕೊಟ್ಟಿದ್ದೆನೋ ಅದನ್ನೇ ಅನುಭವಿಸಿ, ಬೊಚ್ಚುಬಾಯಿಯಲ್ಲಿಯೇ ತರಗತಿಗೆ ಹೋದೆ. ಮಕ್ಕಳು ಎರಡು ದಿನ ನೋಡಿದರು, ಆಮೇಲೆ ಮರೆತರು.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಮದುವೆಗೆ ಮುಂಚೆ ಇದಕ್ಕೆ ಕೈಹಾಕಬೇಡಿ. ಕೀವು, ಬಾವು, ಜ್ವರವಿದ್ದರೆ ಮಾತು ಬೇರೆ, ಆಗ ವೈದ್ಯರು ಹೇಳಿದಂತೆ ತಕ್ಷಣ ಕೀಳಿಸಲೇಬೇಕು. ಬರೀ ಅಲುಗಾಡುತ್ತಿದ್ದರೆ, ಮದುವೆ ಮುಗಿಯುವವರೆಗೆ ಅವನ್ನು ಉಳಿಸಿಕೊಳ್ಳಬಹುದೇ ಎಂದು ಕೇಳಿ. ಹೊಸ ಸೆಟ್ಟು ಕೂತ ಮೊದಲ ವಾರಗಳಲ್ಲಿ ಬಾಯಲ್ಲಿ ಹುಣ್ಣಾಗುತ್ತದೆ, ಚುಚ್ಚುವ ಕಡೆ ಸೆಟ್ಟನ್ನು ಕೆರೆಸಲು ಮತ್ತೆ ಮತ್ತೆ ಹೋಗಬೇಕಾಗುತ್ತದೆ, ‘ಸ’ಕಾರ ‘ಫ’ಕಾರಗಳು ಜಾರುತ್ತವೆ. ನಾನು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ನಾಲಿಗೆಯನ್ನು ಪಳಗಿಸಿಕೊಂಡೆ. ಗಂಜಿ, ಮೆತ್ತಗೆ ಕಲಸಿದ ಮೊಸರನ್ನದಿಂದ ಆರಂಭಿಸಿ ಅಕ್ಕಿರೊಟ್ಟಿಗೆ ಬರಲು ತಾಳ್ಮೆ ಬೇಕು. ಬಂದ ಮೇಲೂ ಚಿಕ್ಕ ಚೂರು ಮಾಡಿಕೊಂಡು ಎರಡೂ ಕಡೆ ಒಟ್ಟಿಗೆ ಅಗಿಯಬೇಕು, ಒಂದೇ ಕಡೆ ಅಗಿದರೆ ಸೆಟ್ಟು ಏಳುತ್ತದೆ. ಮದುವೆ ಮನೆಯ ಯಜಮಾನ ಬಂದ ನೆಂಟರನ್ನೆಲ್ಲ ಮಾತನಾಡಿಸಬೇಕು, ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಆ ಹೊತ್ತಿಗೆ ಇದು ಬೇಡ.

ಖರ್ಚಿನ ಮಾತನ್ನು ಮೊದಲೇ ಆಡಿಕೊಳ್ಳಿ. ಹಲ್ಲು ಹೋದ ದವಡೆಯ ಎಲುಬು ಮೊದಲ ತಿಂಗಳುಗಳಲ್ಲಿ ಬೇಗ ಕರಗುವುದರಿಂದ ಎಂಥ ಒಳ್ಳೆಯ ಸೆಟ್ಟೂ ಸಡಿಲವಾಗುತ್ತದೆ. ನಡುವೆ ಒಳಮೈಗೆ ಮೆತ್ತನೆಯ ಲೈನಿಂಗ್ ಹಾಕಿಸಬೇಕು, ಆರು ತಿಂಗಳಿಂದ ಒಂದು ವರ್ಷದೊಳಗೆ ಗಟ್ಟಿ ಲೈನಿಂಗನ್ನೋ ಹೊಸ ಸೆಟ್ಟನ್ನೋ ಮಾಡಿಸಬೇಕು. ಹೇಳಿದ ಮೊತ್ತದಲ್ಲಿ ಇದೆಲ್ಲ ಸೇರಿದೆಯೇ ಎಂದು ಕೇಳಿ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಸೆಟ್ ಮಾಡಿಸಿಕೊಡುವ ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆಯಿದೆ. ನೀವು ಅದಕ್ಕೆ ಅರ್ಹರೇ ಎಂದು ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಸಕ್ಕರೆ ಕಾಯಿಲೆಯಿದ್ದರೆ ಈಗಲೇ ರಕ್ತ ಪರೀಕ್ಷೆ ಮಾಡಿಸಿ ಹತೋಟಿಗೆ ತಂದುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಲ್ಲಿನ ವೈದ್ಯರಿಗೆ ತಿಳಿಸಿ, ಆದರೆ ನೀವಾಗಿ ಅದನ್ನು ನಿಲ್ಲಿಸಬೇಡಿ. ಕವಳವನ್ನೂ ಬೀಡಿಯನ್ನೂ ಇಂದೇ ಬಿಡಿ. ಕೀಳಿಸಿದ ದಿನ ಸಾಗರಕ್ಕೆ ಮರಳದೆ ಶಿವಮೊಗ್ಗದಲ್ಲಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ವೈದ್ಯರ ಕೈಯಿಂದಲೇ ಸೆಟ್ಟನ್ನು ತೆಗೆಸಿಕೊಂಡು ಬನ್ನಿ.