ಯುದ್ಧದ ಕಾಲದಲ್ಲಿ ಅಜ್ಜ ಯಾವ ಯಾವ ಹಡಗಲ್ಲಿದ್ದರು ಅಂತ ಪತ್ತೆ ಮಾಡುವುದು ಹೇಗೆ?

ನಿಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಕಂಪನಿಯ ಹಡಗುಗಳಲ್ಲಿದ್ದರು, ಈಗ ಮನೆಯಲ್ಲಿ ಉಳಿದಿರುವುದು ಹಳೆಯ ಸಿ.ಡಿ.ಸಿ. ಪುಸ್ತಕ (ನಾವಿಕ ಯಾವ ಹಡಗು ಹತ್ತಿದ, ಯಾವಾಗ ಇಳಿದ ಅಂತ ಬರೆದಿಡುವ ಪುಸ್ತಕ) ಮಾತ್ರ ಅಂದಿದ್ದೀರಿ. ಮಾತ್ರ ಅನ್ನಬೇಡಿ ಮಾರಾಯ್ರೇ, ಅದೇ ದೊಡ್ಡ ಆಸ್ತಿ! ಅದರಲ್ಲಿ ಹಡಗಿನ ಹೆಸರಿನ ಜೊತೆ ಅಫೀಶಿಯಲ್ ನಂಬರ್, ಅಂದರೆ ಬ್ರಿಟಿಷ್ ನೋಂದಣಿಯಲ್ಲಿ ಆ ಹಡಗಿಗೆ ಕೊಟ್ಟ ಸಂಖ್ಯೆ, ಇದೆಯಾ ನೋಡಿ, ಇದ್ದರೆ ಮೊದಲು ಅದನ್ನು ಬರೆದಿಟ್ಟುಕೊಳ್ಳಿ. ಒಂದೇ ಹೆಸರಿನ ಎರಡು ಹಡಗು ಇರಬಹುದು, ಮಾರಿದ ಮೇಲೆ ಹೆಸರು ಬದಲಾಗಬಹುದು, ಬ್ರಿಟಿಷ್ ನೋಂದಣಿಯಲ್ಲಿರುವ ತನಕ ನಂಬರ್ ಮಾತ್ರ ಬದಲಾಗುವುದಿಲ್ಲ.

ನನಗೆ ಇದು ತಡವಾಗಿ ಗೊತ್ತಾಯಿತು. ನಮ್ಮಜ್ಜ ಮಂಗಳೂರಿನಿಂದ ಬೊಂಬಾಯಿಗೆ ಹೋಗಿ ಬಿ.ಐ. (ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್) ಕಂಪನಿಯ ಹಡಗಲ್ಲಿ ಭಂಡಾರಿ ಆದವರು, ಅಂದರೆ ಅಡುಗೆಯವರು. ಹಡಗಿನ ಹೆಸರು "ತಲವಾ" ಅನ್ನುತ್ತಿದ್ದರಂತೆ. ನಾವು ಸುಮ್ನೆ ಅದನ್ನು ತಿಲಾವಾ ಮಾಡಿಬಿಟ್ಟೆವು. ತಿಲಾವಾ ಅಂದರೆ 1942ರ ನವೆಂಬರ್ 23ರಂದು, ಬೊಂಬಾಯಿಯಿಂದ ಆಫ್ರಿಕಾಕ್ಕೆ ಹೋಗುವಾಗ ಜಪಾನಿ ಸಬ್‌ಮರೀನಿನ ಟಾರ್ಪಿಡೊ ತಗುಲಿ ಮುಳುಗಿ, 280 ಜನ ಸತ್ತ ಹಡಗು. ಅಜ್ಜ ಅದರಿಂದ ಬದುಕಿ ಬಂದರು ಅಂತ ಮದುವೆ ಮನೆಗಳಲ್ಲಿ ಕಥೆಯೂ ಶುರುವಾಗಿತ್ತು. ಕೊನೆಗೆ ನಂಬರ್ ಹಾಕಿ ನೋಡಿದರೆ ಅದು ತಲಾಂಬಾ! ಅದೇ ಕಂಪನಿಯದು, ಯುದ್ಧದಲ್ಲಿ ಆಸ್ಪತ್ರೆ ಹಡಗಾಗಿ 1943ರ ಜುಲೈಯಲ್ಲಿ ಸಿಸಿಲಿ ಹತ್ತಿರ ಬಾಂಬ್ ಬಿದ್ದು ಮುಳುಗಿದ್ದು. ಅಜ್ಜ ಅದಕ್ಕೂ ಮುಂಚೆಯೇ ಇಳಿದಿದ್ದರು. ಡಿಸ್ಚಾರ್ಜ್ ತಾರೀಕು ಪುಸ್ತಕದಲ್ಲೇ ಇತ್ತು, ನಮ್ಮಲ್ಲಿ ಯಾರೂ ಓದಿರಲಿಲ್ಲ, ಅಷ್ಟೆ.

ನಂಬರಿನಿಂದ ಹಡಗು ಹುಡುಕಲು ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟಿನ ವೆಬ್‌ಸೈಟ್ ಸಾಕು, ದುಡ್ಡು ಬೇಡ. ಆಮೇಲಿನ ಕೆಲಸವೆಲ್ಲ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅಲ್ಲಿನ ಬಿಟಿ 389 ಅನ್ನುವ ದಾಖಲೆ ಸರಣಿಯಲ್ಲಿ ಹಡಗುಗಳ ಓಡಾಟದ ಕಾರ್ಡುಗಳಿವೆ, ಯಾವ ದಿನ ಯಾವ ಬಂದರು ಅಂತ. ಹಡಗಿನ ಹೆಸರಲ್ಲಿ ಹುಡುಕಿದರೆ ಸಿಗುತ್ತದೆ, ಡೌನ್‌ಲೋಡ್ ಕೂಡ ಆಗುತ್ತದೆ. ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದೇ. ಸಿಬ್ಬಂದಿ ಪಟ್ಟಿ ಬೇಕಿದ್ದರೆ ಬಿಟಿ 381, ಅದನ್ನು ಜೋಡಿಸಿರುವುದು ಮತ್ತದೇ ನಂಬರಿನ ಮೇಲೆ. ಪದಕಗಳದು ಬಿಟಿ 395, ಆದರೆ ಅಲ್ಲಿ ಹೆಸರಿಲ್ಲ ಅಂದರೆ ಅಜ್ಜ ಹಡಗಲ್ಲಿರಲಿಲ್ಲ ಅಂತಲ್ಲ. ಪದಕ ಅರ್ಜಿ ಹಾಕಿದವರಿಗೆ ಕೊಟ್ಟದ್ದು, ನಮ್ಮವರು ಎಷ್ಟು ಜನ ಹಾಕಿಯಾರು, ಅಲ್ವಾ?

ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿರುವ ಹಡಗು ದಾಖಲೆಗಳ ಸಂಗ್ರಹಕ್ಕೆ ಬರೆಯಿರಿ ಅಂತ ಯಾರಾದರೂ ಹೇಳಬಹುದು. ಹಳೆಯ ಸಿಬ್ಬಂದಿ ಪಟ್ಟಿಗಳು ರಾಶಿಗಟ್ಟಲೆ ಅಲ್ಲಿರುವುದು ನಿಜ, ಆದರೆ ಯುದ್ಧದ ವರ್ಷಗಳದು ಕ್ಯೂನಲ್ಲೇ ಇವೆ.

ನಂಬರ್ ಮಸುಕಾಗಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. 3 ಮತ್ತು 8 ಅದಲುಬದಲಾಗದಂತೆ ನೋಡಿಕೊಳ್ಳಿ, ನಾನು ಒಂದು ಇಡೀ ಭಾನುವಾರ ಅದರಲ್ಲೇ ಕಳೆದೆ.